ಎರೆಗೂ ಮಸಾರಿಗೂ ನಡುವಿನ ಹಿತ್ತಲು

2018ನೆಯ ಇಸವಿ ಏಪ್ರಿಲ್ 12, ಗುರುವಾರ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನಮ್ಮ ಮನೆಯ ಹಿತ್ತಲಿಗೆ ಕುರುಗೋಡಿನ ಕೆಂಪು ಮಣ್ಣು ಬಂದು ಬಿದ್ದ ದಿನ. ಆಧಾರ: ನನ್ನ ಹೆಂಡತಿಯ ತಮ್ಮ ಬಸವರಾಜನ ಮೊಬೈಲಿನಲ್ಲಿ ಉಳಿದುಕೊಂಡಿರುವ ಒಂದು ಚಿತ್ರ. ಯಂತ್ರ ತೋರಿಸುವ ತಾರೀಖನ್ನಷ್ಟೇ ನಂಬುವುದು ನನ್ನ ಅಭ್ಯಾಸವಲ್ಲ. ಆ ವರ್ಷದ ಪಂಚಾಂಗವನ್ನು ತೆರೆದು ವಾರವನ್ನೂ ತಾಳೆ ನೋಡಿದ್ದೇನೆ. ಏಪ್ರಿಲ್ ಕೊನೆಯ ವಾರವೆಂದು ನಾನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಅದು ತಪ್ಪೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ಇದನ್ನೆಲ್ಲ ಹುಡುಕುವಂತೆ ಮಾಡಿದ್ದು ಒಂದು ವಾಸನೆ. ಕಳೆದ ತಿಂಗಳು ನಮ್ಮ ಹಿಂದಿನ ಬೀದಿಯಲ್ಲಿ ಯಾರೋ ಮನೆಯ ಬುನಾದಿ ತುಂಬಿಸಲು ಕೆಂಪು ಮಣ್ಣು ಇಳಿಸುತ್ತಿದ್ದರು. ಧೂಳು ಏಳದಿರಲೆಂದು ಕೆಲಸದವನು ಕೊಡದಲ್ಲಿ ನೀರು ತಂದು ಚಿಮುಕಿಸಿದ. ಆ ಗಳಿಗೆಯಲ್ಲಿ ಮೂಗಿಗೆ ಬಡಿದದ್ದು ನಮ್ಮ ಬಳ್ಳಾರಿಯ ವಾಸನೆಯಲ್ಲ, ಕುರುಗೋಡಿನ ಗುಡ್ಡದ ಬುಡದ್ದು. ಕೈಯಲ್ಲಿ ತರಕಾರಿಯ ಚೀಲ ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ. ‘ಯಾರನ್ನ ನೋಡಾಕ ಬಂದೀರಿ ಸಾರ್?’ ಎಂದು ಆ ಕೆಲಸದವನು ಕೇಳಿದ.

ಈ ಸೀಮೆಯ ಜನ ಕಪ್ಪು ಮಣ್ಣಿಗೆ ಎರೆ ಎನ್ನುತ್ತಾರೆ, ಕೆಂಪು ಮಣ್ಣಿಗೆ ಮಸಾರಿ. ನಾನು ಹುಟ್ಟಿದ್ದು ಸಿರುಗುಪ್ಪದ ಹತ್ತಿರದ ಎರೆಯ ಊರಿನಲ್ಲಿ. ಓದಿ, ಕೆಲಸಕ್ಕೆ ಸೇರಿ, ನಿವೃತ್ತನಾಗುವವರೆಗೆ ಸಂಶೋಧನೆ ಮಾಡಿದ್ದೂ ಅದೇ ಎರೆಯ ಮೇಲೆ: ಅದು ಮಳೆಗೆ ಹೇಗೆ ಉಬ್ಬುತ್ತದೆ, ಬೇಸಿಗೆಗೆ ಹೇಗೆ ಸೀಳುತ್ತದೆ, ಅದರ ಒಡಲಿನಲ್ಲಿ ನೀರು ಎಷ್ಟು ಕಾಲ ಉಳಿಯುತ್ತದೆ ಎಂಬುದು. ನನ್ನ ಹೆಂಡತಿ ನೀಲಮ್ಮ ಕುರುಗೋಡಿನವಳು, ಮಸಾರಿಯ ಮಗಳು. ನಾನಿದ್ದ ಕಡೆಗಳಲ್ಲೆಲ್ಲ ಸಾಲೆಯಲ್ಲಿ ಪಾಠ ಹೇಳಿದವಳು. ಮದುವೆಯ ಪಂಕ್ತಿಯಲ್ಲೇ ಅವಳ ಕಡೆಯ ಹೆಂಗಸರು ನನ್ನನ್ನು ಹಿಡಿದು ಕಾಡಿದ್ದರು: ‘ಎರಿ ಮಂದಿ ಮಳಿಗಾಲದಾಗ ಚಪ್ಪಲಿ ತಲಿ ಮ್ಯಾಲೆ ಹೊತಗೊಂಡು ಅಡ್ಡಾಡ್ತಾರಂತ, ಹೌದೇನ್ರಿ?’ ನಮ್ಮ ಕಡೆಯವರೂ ಬಿಟ್ಟಿರಲಿಲ್ಲ. ‘ಮಸಾರಿ ಮ್ಯಾಲೆ ಮಳಿ ನಿಂತ ಗಳಿಗಿಗೆ ನೀರು ಮಾಯ. ಅಲ್ಲಿ ಹೆಣ್ಣಮಕ್ಕಳ ಸಿಟ್ಟಾದ್ರೂ ನಿಲ್ಲತೈತೋ ಇಲ್ಲೋ!’ ಆ ಹಾಸ್ಯ ನಮ್ಮಿಬ್ಬರ ನಡುವೆ ಮುಪ್ಪಿನವರೆಗೂ ಚಾಲ್ತಿಯಲ್ಲಿತ್ತು.

ನಿವೃತ್ತಿಯಾಗಿ ಸಿರುಗುಪ್ಪದ ವಸತಿಗೃಹವನ್ನು ಬಿಡಬೇಕಾದಾಗ, ಎಲ್ಲಿ ಇರಬೇಕು ಎಂಬ ಪ್ರಶ್ನೆ ಎದ್ದಿತು. ಊರೂರಿನ ರೈತರು ಮಣ್ಣಿಗೆ ಇಟ್ಟ ಹೆಸರುಗಳ ಬಗ್ಗೆ ನಾನು ಬರೆಯಬೇಕೆಂದಿದ್ದ ಗ್ರಂಥಕ್ಕೆ ಬಳ್ಳಾರಿಯ ಗ್ರಂಥಾಲಯ, ಹಳೆಯ ಕಡತಗಳು ಬೇಕಿದ್ದವು. ನೀಲಮ್ಮನಿಗೆ ಕುರುಗೋಡು ಬೇಕಿತ್ತು. ಬಸವರಾಜ ತನ್ನ ಹೊಲದ ಅಂಚಿನಲ್ಲಿ, ಗುಡ್ಡ ಎದುರಿಗೆ ಕಾಣುವ ಕಡೆ, ಮನೆ ಕಟ್ಟಲು ಜಾಗ ಬಿಟ್ಟಿಟ್ಟಿದ್ದ. ನಾನು ಕೇಳಿಕೊಂಡದ್ದಕ್ಕೆ ಅವಳು ಸತ್ಯನಾರಾಯಣಪೇಟೆಯ ಈ ಮನೆಗೆ ಬಂದಳು. ಆದರೆ ಷರತ್ತು ಹಾಕಿಯೇ ಬಂದಳು.

‘ಮಿರಗ ಕೂಡೋತನಕ ಇದ್ದು ನೋಡ್ತೀನ್ರಿ,’ ಎಂದಳು. ಮಿರಗವೆಂದರೆ ಮೃಗಶಿರ ಮಳೆ. ಜೂನ್ ಎರಡನೆಯ ವಾರದ ಹೊತ್ತಿಗೆ ಕೂಡುತ್ತದೆ. ‘ಮನಸ್ಸು ಹತ್ತಿತೋ, ಸರಿ. ಹತ್ತಲಿಲ್ಲೋ, ನಾ ಕುರುಗೋಡಿಗೆ ಹೊಂಟೆ. ನೀವು ಬೇಕಾದ್ರ ಬರ್ರಿ, ಇಲ್ಲಾಂದ್ರ ನಿಮ್ಮ ಲೈಬ್ರರಿ ಕಟ್ಟಿಗೊಂಡು ಇರ್ರಿ.’

ಅವಳ ದನಿಯಲ್ಲಿ ನಗುವಿತ್ತು, ಮಾತಿನಲ್ಲಿ ಇರಲಿಲ್ಲ. ಮಾಳಿಗೆ ಹತ್ತಿದರೆ ಎರಡು ನೀರಿನ ಟಾಕಿಗಳ ನಡುವೆ ಬಳ್ಳಾರಿಯ ಗುಡ್ಡದ ಒಂದು ಹೆಗಲು ಕಾಣುತ್ತದೆ. ಗುಡ್ಡ ಇಲ್ಲಿಯೂ ಇದೆಯಲ್ಲ ಎಂದು ನಾನು ಒಮ್ಮೆ ವಾದ ಮಾಡಿದೆ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. ‘ಐತಿ. ಆದ್ರ ಅದು ನನ್ನ ಕಡೆ ನೋಡಂಗಿಲ್ಲ,’ ಎಂದಳು.

ಹಿತ್ತಲಿನ ಯೋಚನೆ ಹುಟ್ಟಿದ್ದು ಆ ಮಾತಿನಿಂದ. ಕುರುಗೋಡಿಗೆ ನಾವು ಹೋಗುವ ಬದಲು ಅದರ ಒಂದು ತುಣುಕು ಇಲ್ಲಿಗೆ ಬರಲಿ ಎಂದುಕೊಂಡೆ. ಚೌಕದ ಕಾಗದದ ಮೇಲೆ ನಕ್ಷೆ ಬರೆದೆ: ಮೂಡಣಕ್ಕೆ ಕಲ್ಲು, ನಡುವೆ ಸಾಲಾಗಿ ತಂಗಡಿ, ಕವಳಿ, ಸೀತಾಫಲ, ಪ್ರತಿಯೊಂದಕ್ಕೂ ಸಮಾನ ಅಂತರ. ನೀಲಮ್ಮ ಕನ್ನಡಕ ಏರಿಸಿ ನೋಡಿದಳು.

‘ಇದು ತ್ವಾಟ ಅಲ್ರಿ. ನಿಮ್ಮ ಪ್ರಯೋಗದ ಮಡಿ. ಒಂದೊಂದು ಗಿಡದ ಕೊಳ್ಳಿಗೆ ಚೀಟಿ ಕಟ್ಟೋದೊಂದ ಬಾಕಿ.’

ಹಾಗಾಗಿ ನಕ್ಷೆಯನ್ನು ಬದಿಗಿಟ್ಟು ಗುಡ್ಡವನ್ನೇ ನೋಡಲು ಹೋದೆವು. ಮಾರ್ಚ್ ತಿಂಗಳು, ಯುಗಾದಿಯ ಆಸುಪಾಸು. ಕುರುಗೋಡಿನ ಗುಡ್ಡವನ್ನು ನಾನು ಅಳಿಯನಾಗಿ ಎಷ್ಟೋ ಸಲ ನೋಡಿದ್ದೆ. ಹಿತ್ತಲೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದ್ದು ಅದೇ ಮೊದಲು. ಹಾಗೆ ನೋಡಿದಾಗ ಕಲ್ಲು ಬೇರೆಯಾಗಿ ಕಾಣಿಸಿತು. ಗುಡ್ಡದ ಬುಡದಲ್ಲಿ ಯಾವ ಕಲ್ಲೂ ಒಂಟಿಯಾಗಿ ಕೂತಿರುವುದಿಲ್ಲ. ದೊಡ್ಡದು ಅರ್ಧ ನೆಲದೊಳಗೆ ಹುದುಗಿರುತ್ತದೆ, ಅದರಿಂದ ಉರುಳಿದ ಮರಿಗಳು ಇಳಿಜಾರಿನತ್ತ ಚದುರಿರುತ್ತವೆ. ಹುಲ್ಲು ಎಲ್ಲ ಕಡೆ ಒಂದೇ ಸಮನಾಗಿ ಬೆಳೆಯುವುದಿಲ್ಲ. ಬಂಡೆಯ ಮೈಮೇಲೆ ಬಿದ್ದ ಮಳೆ ಎಲ್ಲಿ ಜಾರಿ ನೆಲ ಮುಟ್ಟುತ್ತದೋ ಆ ಅಂಚಿನಲ್ಲೇ ಗುಂಪುಗಟ್ಟಿ ನಿಲ್ಲುತ್ತದೆ. ಅಷ್ಟು ಬೇಸಿಗೆಯಲ್ಲೂ ಆ ಅಂಚಿನ ಗಂಜಣಿ ಹುಲ್ಲು ಬುಡದಲ್ಲಿ ಹಸಿರಾಗಿತ್ತು. ನೀಲಮ್ಮ ಒಂದು ಗರಿ ಹಿಚುಕಿ ನನ್ನ ಮೂಗಿಗೆ ಹಿಡಿದಳು. ನಿಂಬೆಗೂ ಶುಂಠಿಗೂ ನಡುವಿನ ಘಮ.

‘ನಾವು ಸಣ್ಣೋರಿದ್ದಾಗ ಮಳಿ ನಿಂತ ಕೂಡ್ಲೆ ಇಲ್ಲಿಗೆ ಓಡಿ ಬರ್ತಿದ್ವಿ,’ ಎಂದಳು. ‘ಗುಡ್ಡದ ನೀರು ಈ ಕಲ್ಲಿನ ಬುಡಕ ಬಂದು ಹರೀತಿತ್ತು. ಕಾಲು ಇಳಿಬಿಟ್ಟು ಕುಂತ್ರ ಅವ್ವ ಕರದ್ರೂ ಕೇಳ್ತಿದ್ದಿಲ್ಲ.’

‘ಕೇಳ್ತಿತ್ತು. ಎದ್ದು ಬರ್ತಿದ್ದಿಲ್ಲ ಅಷ್ಟ,’ ಎಂದ ಬಸವರಾಜ. ಅಕ್ಕನಿಗಿಂತ ಬಹಳ ಚಿಕ್ಕವನು. ಅವಳ ಸೊಂಟದ ಮೇಲೆ ಕೂತು ಬೆಳೆದವನು. ‘ಎಷ್ಟು ಬೇಕು ಹೇಳಕ್ಕ, ಗುಡ್ಡಾನ ಕಿತ್ತು ಬಳ್ಳಾರಿಗೆ ತಂದು ಹಾಕ್ತೀನಿ.’

‘ಗುಡ್ಡ ಕಿತ್ತು ಸಾಗಿಸೋ ಮಂದಿ ಈ ಜಿಲ್ಲಾದಾಗ ಮೊದ್ಲ ಭಾಳ ಅದಾರ,’ ಎಂದಳು ನೀಲಮ್ಮ. ‘ನೀ ನಿನ್ನ ಹೊಲದಾಗಿನ ಮಣ್ಣು ಒಂದು ಟ್ರ್ಯಾಕ್ಟರ್ ತಂದ್ರ ಸಾಕಪ್ಪ.’

ಕಲ್ಲುಗಳನ್ನೂ ಗುಡ್ಡದಿಂದ ಎತ್ತಲಿಲ್ಲ. ಹೊಲ ಹದ ಮಾಡುವಾಗ ಬಸವರಾಜ ಬದುವಿಗೆ ತಳ್ಳಿದ್ದ ಬಂಡೆಗಳಲ್ಲೇ ಆರಿಸಿದೆವು. ಅವನ್ನು ಹಿತ್ತಲಿನಲ್ಲಿ ಕೂಡಿಸಲು ಬಂದವರು ಹುಸೇನ್ ಸಾಬ್ ಎಂಬ ಮೇಸ್ತ್ರಿ. ಜೀವಮಾನವಿಡೀ ಪಾಯ ಕಟ್ಟಿದವರು. ಕಲ್ಲಿನ ಒಡೆದ, ಬೆಳ್ಳನೆಯ ಮಗ್ಗುಲನ್ನು ಅವರು ಹೊರಮುಖಕ್ಕೆ ತಿರುಗಿಸುತ್ತಿದ್ದಂತೆ ನೀಲಮ್ಮ ಓಡಿ ಬಂದಳು.

‘ಅದಲ್ರಿ ಸಾಬ್ರ. ಆ ಕರೀ ಕಲಿ ಇರೋ ಮಗ್ಗಲು ಈ ಕಡೆ ಬರ್ಲಿ. ಮಳಿ ಕುಡದ ಮುಖ ಅದು.’

‘ಚೊಕ್ಕ ಮಾರಿ ಗ್ವಾಡಿಗೆ ಹಚ್ಚಿ ಬೆನ್ನು ಮಂದಿಗೆ ತೋರ್ಸೋದೇನಮ್ಮ?’ ಸಾಬರಿಗೆ ನಿಜವಾಗಿಯೂ ಸಂಕಟವಾಗಿತ್ತು. ‘ಆತು, ನಿಮ್ಮ ಮರ್ಜಿ. ಆದ್ರ ಹುಸೇನ್ ಕೂಡ್ಸಿದ್ದು ಅಂತ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ.’

ಗೋಡೆಯಾಚೆಯ ಲಕ್ಷ್ಮೀದೇವಮ್ಮ, ಮೋಕದ ಕಡೆಯಿಂದ ಬಂದು ನೆಲೆಸಿದವರು, ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. ‘ಅಯ್ಯೋ ರಾಮಾ! ಮಂದಿ ಹಿತ್ತಲದಾಗಿನ ಕಲ್ಲು ಹೊರಗ ಹಾಕ್ಸಾಕ ರೊಕ್ಕ ಕೊಡ್ತಾರ, ನೀವು ಒಳಗ ತರ್ಸಾಕ ಕೊಟ್ಟೀರಲ್ಲ ನೀಲಮ್ಮ?’

‘ನಿಮ್ಮನಿಯಾಗಿನವನ್ನೂ ಕಳಸ್ರಿ. ಪುಕ್ಕಟ ಇಟಗೋತೀವಿ,’ ಎಂದು ಇವಳು ಈ ಕಡೆಯಿಂದ ಕೂಗಿದಳು. ಬಳ್ಳಾರಿಗೆ ಬಂದ ಮೇಲೆ ಅವಳು ಅಷ್ಟು ದೊಡ್ಡ ದನಿ ತೆಗೆದದ್ದು ನಾನು ಕೇಳಿರಲಿಲ್ಲ. ಮನಸ್ಸು ಹತ್ತುತ್ತಿದೆ ಎಂದುಕೊಂಡೆ.

ಏಪ್ರಿಲ್ 12ರಂದು ಬಂದ ಮಸಾರಿಯನ್ನು ಹಿತ್ತಲಿನ ಎರೆಯ ಮೇಲೆ ಒಂದು ಗೇಣು ದಪ್ಪ ಹರಡಿಸಿದೆವು. ಸಂಜೆಗೆ ನೀರು ಚಿಮುಕಿಸಿದಾಗ ಕುರುಗೋಡಿನ ವಾಸನೆ ಅಡುಗೆಮನೆಯವರೆಗೂ ಬಂತು. ನೀಲಮ್ಮ ಒಲೆಯನ್ನು ಸಣ್ಣಗೆ ಮಾಡಿ ಹೊರಗೆ ಬಂದು ನಿಂತಳು.

ಬಳ್ಳಾರಿಯ ಮೇ ತಿಂಗಳನ್ನು ಅನುಭವಿಸದವರಿಗೆ ವರ್ಣಿಸುವುದು ಕಷ್ಟ, ಅನುಭವಿಸಿದವರಿಗೆ ಅನಗತ್ಯ. ಮಧ್ಯಾಹ್ನ ಬಾಗಿಲು ತೆರೆದರೆ ಒಲೆಯ ಬಾಯಿಗೆ ಮುಖ ಕೊಟ್ಟಂತೆ. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದುದು ಇನ್ನೂ ತಡವಾಗತೊಡಗಿತು; ಹಿತ್ತಲಿಗೆ ಹಾಕುವುದಿರಲಿ, ಕುಡಿಯುವುದಕ್ಕೆ ಹಿಡಿದಿಡುವುದೇ ದೊಡ್ಡ ಕೆಲಸವಾಯಿತು. ಅಂಥ ಒಂದು ಬೆಳಿಗ್ಗೆ ಅವಳು ಕರೆದಳು.

‘ರೀ, ಇಲ್ಲಿ ಬರ್ರಿ. ನಿಮ್ಮ ಎರಿ ನನ್ನ ಮಸಾರಿ ನುಂಗಾಕತ್ತೈತಿ.’

ಹೋಗಿ ನೋಡಿದೆ. ಅಡಿಯಲ್ಲಿದ್ದ ಎರೆ ಬಿಸಿಲಿಗೆ ಸೀಳು ಬಿಟ್ಟಿತ್ತು. ಮೊಣಕೈವರೆಗೆ ಕೈ ಇಳಿಯುವಂಥ ಸೀಳುಗಳು. ಮೇಲಿನ ಕೆಂಪು ಮಣ್ಣು ಮರಳುಗಡಿಯಾರದ ಮರಳಿನಂತೆ ಅವುಗಳೊಳಗೆ ಸುರಿದುಹೋಗಿ, ಅಲ್ಲಲ್ಲಿ ಕಪ್ಪು ನೆಲ ಹೊರಬಿದ್ದಿತ್ತು. ದೊಡ್ಡ ಕಲ್ಲೊಂದು ಲಕ್ಷ್ಮೀದೇವಮ್ಮನವರ ಗೋಡೆಯ ಕಡೆಗೆ ಸ್ವಲ್ಪ ವಾಲಿಕೊಂಡಿತ್ತು. ಸೀಳುವುದು ಎರೆಯ ಸ್ವಭಾವ ಎಂದು ಜೀವನಪೂರ್ತಿ ಬರೆದ ನನಗೆ, ನಮ್ಮ ಹಿತ್ತಲಿನದೂ ಎರೆಯೇ ಎಂಬುದು ಏಪ್ರಿಲ್‌ನಲ್ಲಿ ಹೊಳೆದಿರಲಿಲ್ಲ. ಪೇಟೆಯ ಮನೆಯ ಗೋಡೆಗಳ ನಡುವೆ ಸಿಕ್ಕ ಮಣ್ಣನ್ನು ನಾನು ಮಣ್ಣೆಂದು ಎಣಿಸಿರಲೇ ಇಲ್ಲವೇನೋ.

ನೀಲಮ್ಮ ಮೊದಲು ನಕ್ಕಳು. ಆಮೇಲೆ ಸೀಳಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಉಳಿದ ಕೆಂಪು ಮಣ್ಣನ್ನು ಅಂಗೈಯಿಂದ ಒಂದೆಡೆಗೆ ಸರಿಸುತ್ತ, ‘ನಮ್ಮ ಮಣ್ಣು ಇಲ್ಲಿ ನಿಲ್ಲಂಗಿಲ್ಲ ಬಿಡ್ರಿ,’ ಎಂದಳು. ಆ ವಾರ ಅವಳು ಬಸವರಾಜನಿಗೆ ಫೋನು ಮಾಡಿ, ಹೊಲದ ಅಂಚಿನ ಜಾಗಕ್ಕೆ ವಿದ್ಯುತ್ ಕಂಬ ಎಷ್ಟು ದೂರವಾಗುತ್ತದೆ ಎಂದು ವಿಚಾರಿಸುವುದನ್ನು ನಾನು ಒಳಕೋಣೆಯಿಂದ ಕೇಳಿಸಿಕೊಂಡೆ. ಮಿರಗಕ್ಕೆ ಇನ್ನು ಹೆಚ್ಚು ದಿನಗಳಿರಲಿಲ್ಲ.

ಹೊಳೆದದ್ದು ಒಂದೇ ದಾರಿ. ಕೆಂಪೂ ಕಪ್ಪೂ ಒಂದಕ್ಕೊಂದು ಹೊಂದಿಕೊಂಡು ಬಾಳುವ ಜಾಗ ಈ ನೆಲದಲ್ಲಿ ಎಲ್ಲಿಯೋ ಇರಲೇಬೇಕು. ಅಲ್ಲಿ ಅವು ಹೇಗೆ ಕೂಡಿವೆ ಎಂದು ನೋಡಬೇಕು. ಬಾಡಿಗೆಯ ಕಾರು ಮಾಡಿಕೊಂಡು ಕುರುಗೋಡಿಗೆ ಹೋಗಿ, ಬಸವರಾಜನನ್ನು ಹತ್ತಿಸಿಕೊಂಡು, ಸಿರುಗುಪ್ಪದ ಕಡೆಗೆ ಹೊರಟೆವು. ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗುಡ್ಡಗಳು ಒಂದೊಂದಾಗಿ ಹಿಂದುಳಿದವು. ಕಲ್ಲು ಕಡಿಮೆಯಾಯಿತು, ಬೇವು ಕಡಿಮೆಯಾಯಿತು. ಮುಂದೆ ದೂರದಲ್ಲಿ ನನ್ನ ಎರೆ, ಕೊಯ್ಲು ಮುಗಿದು ಬೋಳಾಗಿ, ಆಕಾಶದವರೆಗೂ ಚಾಚಿಕೊಂಡು, ನಡುವೆ ಒಂದೇ ಒಂದು ಬನ್ನಿ ಮರವನ್ನು ನಿಲ್ಲಿಸಿಕೊಂಡು ಕಾಣಿಸಿತು. ಅದನ್ನು ಕಂಡಾಗಲೆಲ್ಲ ನನ್ನ ಉಸಿರು ಸಡಿಲಾಗುತ್ತದೆ. ಗುಡ್ಡ ಕಂಡರೆ ಅವಳಿಗೂ ಹೀಗೆಯೇ ಆಗುತ್ತಿರಬೇಕೆಂದು ಆ ದಿನ, ಅಷ್ಟು ವರ್ಷಗಳ ಸಂಸಾರದ ಮೇಲೆ, ಮೊದಲ ಬಾರಿಗೆ ಅನ್ನಿಸಿತು.

‘ಗಾಡಿ ನಿಲ್ಸಪ್ಪ,’ ಎಂದಳು ನೀಲಮ್ಮ.

ರಸ್ತೆಯ ಬದಿಯಲ್ಲಿ, ಈಚೆಗೆ ಮಸಾರಿಯ ಇಳಿಜಾರು ಮುಗಿಯುತ್ತಿತ್ತು. ಆಚೆಗೆ ಎರೆ ಆರಂಭವಾಗುತ್ತಿತ್ತು. ಎರಡರ ನಡುವೆ ಒಂದು ಆಳವಿಲ್ಲದ ಹಳ್ಳ. ನೀರಿಲ್ಲ, ತಳದಲ್ಲಿ ಗರಸು ಮಾತ್ರ, ಮಳೆಗಾಲದ ನೀರು ತೊಳೆದು ಬಿಟ್ಟುಹೋದ ದಪ್ಪ ಮರಳು ಮತ್ತು ಸಣ್ಣ ಹರಳು. ಈ ದಡದಲ್ಲಿ ಗಂಜಣಿ, ಆ ದಡದಲ್ಲಿ ಗರಿಕೆ ಮತ್ತು ಕರಿಜಾಲಿ. ಮೇಲಿನಿಂದ ಕೊಚ್ಚಿ ಬರುವ ಕೆಂಪು ಮಣ್ಣನ್ನು ಹಳ್ಳ ತಡೆಯುತ್ತಿತ್ತು. ಎರೆಯ ಸೀಳುಗಳು ಗರಸಿನವರೆಗೆ ಬಂದು ಅಲ್ಲಿಗೇ ನಿಲ್ಲುತ್ತಿದ್ದವು.

‘ನೋಡ್ರಿಲ್ಲೆ. ಯಾರ ಮ್ಯಾಲೆ ಯಾರೂ ಕುಂತಿಲ್ಲ,’ ಎಂದಳು. ‘ಮಗ್ಗಲಾಗ ಅದಾವ.’

‘ನಡುವ ಹಳ್ಳ ಬಿಟಗೊಂಡು,’ ಎಂದೆ.

‘ಹಳ್ಳ ಇಲ್ದ ಸಂಸಾರ ಎಲ್ಲೈತ್ರಿ?’

ಬಸವರಾಜ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಬೆವರು ಒರೆಸಿಕೊಂಡ. ‘ಅಕ್ಕಾ, ಮಾಮಾ, ನೀವಿಬ್ರೂ ಇಲ್ಲೇ ಹಳ್ಳದಾಗ ಮನಿ ಕಟ್ಟಿಬಿಡ್ರಿ. ನನಗ ಹೊಟ್ಟಿ ಹಸದೈತಿ.’

ಹಿಂದಿರುಗಿ ಬಂದು ಹಿತ್ತಲನ್ನು ಮತ್ತೆ ಅಗೆಸಿದೆವು. ಮೂಡಣದ ಅರ್ಧದಲ್ಲಿ ಎರೆಯನ್ನು ತೆಗೆಸಿ, ಗುಂಡಿಗೆ ಗರಸು ತುಂಬಿಸಿ, ಅದರ ಮೇಲೆ ಮಸಾರಿಯನ್ನು ಇಳಿಜಾರಾಗಿ ಹಾಕಿಸಿದೆವು. ಹುಸೇನ್ ಸಾಬರು ಗೊಣಗುತ್ತಲೇ ಕಲ್ಲುಗಳನ್ನು ಎಬ್ಬಿಸಿ ಮತ್ತೆ ಕೂಡಿಸಿದರು. ಈ ಸಲ ಅವರು ತಾವಾಗಿಯೇ ಕರೀ ಮುಖವನ್ನು ಹೊರಗಿಟ್ಟು, ‘ಇದಕ್ಕೂ ರೂಢಿ ಆತು ನೋಡ್ರಿ,’ ಎಂದರು. ನಡುವೆ ಗರಸಿನ ತಗ್ಗು. ಪಡುವಣದ ಅರ್ಧವನ್ನು ಏನು ಮಾಡಬೇಕೆಂದು ನಾನು ಯೋಚಿಸುತ್ತಿದ್ದೆ. ಅಲ್ಲಿಗೂ ಹೂಗಿಡಗಳ ಒಂದು ಪಟ್ಟಿಯನ್ನು ಮನಸ್ಸಿನಲ್ಲಿ ಸಿದ್ಧಪಡಿಸಿದ್ದೆ. ನೀಲಮ್ಮ ಒಪ್ಪಲಿಲ್ಲ.

‘ಅಲ್ಲೇನೂ ಹಚ್ಚಬ್ಯಾಡ್ರಿ. ನಿಮ್ಮ ಎರಿಗೆ ಸೀಳಾಕ ಜಾಗ ಬಿಡ್ರಿ. ದಿನಾ ಮುಂಜಾನೆ ಅದರ ಮಾರಿ ನೋಡದಿದ್ರ ನೀವು ಚಾ ಕುಡೀತೀರೇನು?’

ಹಾಗೆ ನಮ್ಮ ಹಿತ್ತಲಿನ ಅರ್ಧ ಕುರುಗೋಡಾಯಿತು, ಅರ್ಧ ಸಿರುಗುಪ್ಪವಾಯಿತು. ನೋಡಿದವರು ಅದನ್ನು ತೋಟವೆಂದು ಹೇಳುತ್ತಿರಲಿಲ್ಲ. ಕೆಲಸ ನಿಂತುಹೋದ ಜಾಗವೆಂದು ತಿಳಿಯುತ್ತಿದ್ದರು.

ಮುಂದಿನದು ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿರುವ ಭಾಗ. ಮಿರಗ ಕೂಡಿದ ಮೊದಲ ಭಾನುವಾರ. ಪಂಚಾಂಗದ ಪ್ರಕಾರ ಜೂನ್ 10. ಬಸವರಾಜ ಗಂಜಣಿಯ ಬುಡಗಳನ್ನು ತಂದುಕೊಟ್ಟಿದ್ದ, ಅವನ್ನು ಕಲ್ಲಿನ ಅಂಚಿಗೆ ನೆಟ್ಟಿದ್ದೆವು. ಇಳಿಹೊತ್ತಿನಲ್ಲಿ ಆಕಾಶ ಕಪ್ಪಾಯಿತು, ಗಾಳಿ ಎದ್ದಿತು, ಮಳೆ ಅಡ್ಡಡ್ಡವಾಗಿ ಹೊಡೆಯಿತು. ದೊಡ್ಡ ಕಲ್ಲಿನ ಮೈ ಕರ್ರಗೆ ಹೊಳೆಯಿತು. ಅದರ ಬೆನ್ನಿನಿಂದ ಜಾರಿದ ನೀರು ಹುಲ್ಲಿನ ಬುಡ ತೋಯಿಸಿ, ಮಸಾರಿಯ ಬಣ್ಣ ಹೊತ್ತು, ಗರಸಿನ ತಗ್ಗಿನಲ್ಲಿ ಹರಿಯತೊಡಗಿತು. ನೀಲಮ್ಮ ಕಲ್ಲಿನ ಬುಡದಲ್ಲಿ ಕೂತು, ಸೀರೆಯನ್ನು ಮೊಣಕಾಲಿಗೆತ್ತಿಕೊಂಡು, ಎರಡೂ ಪಾದಗಳನ್ನು ಆ ಕೆಂಪು ನೀರಿನಲ್ಲಿ ಇಳಿಬಿಟ್ಟಿದ್ದಳು. ಕೂದಲು ಕೆನ್ನೆಗೆ ಅಂಟಿತ್ತು. ಒಳಗೆ ಬಾ ಎಂದು ಕರೆದೆ. ಅವಳು ತಿರುಗಿಯೂ ನೋಡದೆ ಹೇಳಿದಳು:

‘ಇನ್ನ ನಾ ಎಲ್ಲಿಗೂ ಬರಂಗಿಲ್ರಿ.’

ಆ ಮಾತನ್ನು ನಾನು ಗೆಲುವೆಂದು ಇಟ್ಟುಕೊಂಡೆ. ಕುರುಗೋಡಿನ ಜಾಗದ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ. ಗಂಜಣಿ ಹೂಬಿಟ್ಟಿತು, ತಂಗಡಿ ಹಳದಿಯಾಯಿತು, ಬೇಸಿಗೆಗೆ ಎರೆ ತನ್ನ ಪಾಡಿಗೆ ಸೀಳಿತು, ಮಳೆಗೆ ಕೂಡಿತು. ನಾಲ್ಕು ಮಳೆಗಾಲ ಅವಳು ಈ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಕಳೆದಳು. ಅವಳು ಹೋದ ದಿನಕ್ಕೆ ನಾನು ಆಧಾರ ಹುಡುಕಬೇಕಾಗಿಲ್ಲ; ಆ ತಾರೀಖನ್ನು ಇಲ್ಲಿ ಬರೆಯುವುದೂ ಇಲ್ಲ. ಅವಳಿಗೆ ಮನಸ್ಸು ಹತ್ತಿತ್ತು, ಹಿತ್ತಲು ಅವಳನ್ನು ಉಳಿಸಿಕೊಂಡಿತು ಎಂಬ ಒಂದು ಸಮಾಧಾನದ ಮೇಲೆ ಈ ಮನೆಯಲ್ಲಿ ಒಬ್ಬನೇ ಇದ್ದೇನೆ.

ಬರಹವನ್ನು ಮುಗಿಸುವ ಮುನ್ನ ಜೂನ್ 10ನ್ನೂ ತಾಳೆ ನೋಡಬೇಕಿತ್ತು. ಮಾಳಿಗೆಯ ಮೇಲೆ ಒಂದು ಮಳೆಮಾಪಕವನ್ನು ಇಟ್ಟು, ಹಿಂದಿನ ದಿನದ ಮಳೆಯನ್ನು ಬೆಳಿಗ್ಗೆ ಗುರುತುಹಾಕುವ ಕೆಲಸದ ಕಾಲದ ಚಟವನ್ನು ನಾನು ಈ ಮನೆಯಲ್ಲಿಯೂ ಮುಂದುವರಿಸಿದ್ದೆ. ಆ ವರ್ಷದ ಹಾಳೆಗಳನ್ನು ತೆಗೆದೆ. ಜೂನ್ 10ರಂದು ನಮ್ಮ ಮನೆಯ ಮೇಲೆ ಮಳೆ ಬಿದ್ದಿಲ್ಲ. ಹಿತ್ತಲಿನಲ್ಲಿ ನೀರು ಹರಿಯುವಂಥ ಮಳೆ ಬಂದದ್ದು ಆ ತಿಂಗಳು ಮುಗಿಯುವ ಹೊತ್ತಿಗೆ.

ಬಸವರಾಜನಿಗೆ ಫೋನು ಮಾಡಿದೆ.

‘ಮಿರಗ ಕೂಡಿದ ಐತವಾರ ಅಲ್ಲೇನು ಮಾಮ? ನೀವಿಬ್ರೂ ನಮ್ಮಲ್ಲೇ ಇದ್ರಲ್ಲ,’ ಎಂದ. ‘ಹುಲ್ಲಿನ ಬುಡ ಕೀಳಾಕ ನೀವ ಬಂದಿದ್ರಿ. ಗುಡ್ಡದ ಮ್ಯಾಲಿಂದ ಮಳಿ ಹೊಡೀತು ನೋಡ್ರಿ, ಅಕ್ಕ ಹೋಗಿ ಆ ದೊಡ್ಡ ಕಲ್ಲಿನ ಬುಡಕ ಕುಂತಬಿಟ್ಲು, ಕಾಲು ನೀರಾಗ ಬಿಟಗೊಂಡು. ನೀವು ಕರದ್ರಿ. ಎಲ್ಲಿಗೂ ಬರಂಗಿಲ್ಲ ಅಂದ್ಲು. ನೆನಪಿಲ್ಲೇನು?’

‘ಆಮ್ಯಾಲೆ?’ ಎಂದೆ.

‘ಆಮ್ಯಾಲೇನೈತಿ? ನಿಮ್ಮ ಪಾಡಿಗೆ ನೀವು ಹುಲ್ಲು ಗೋಣಿಚೀಲಕ್ಕ ತುಂಬಾಕತ್ತಿದ್ರಿ. ಆಕಿ ಭಾಳ ಹೊತ್ತು ಗುಡ್ಡ ನೋಡ್ಕೋತ ಕುಂತಿದ್ಲು. ಮಳಿ ನಿಂತ ಮ್ಯಾಲೆ ತಾನ ಎದ್ದು ಬಂದು ಚೀಲದ ಇನ್ನೊಂದು ತುದಿ ಹಿಡದ್ಲು. ಕಾರಿಗೆ ಏರ್ಸಿದ್ದು ನಾನ.’

ಫೋನು ಇಟ್ಟು ಹಾಳೆಯನ್ನು ಮತ್ತೊಮ್ಮೆ ನೋಡಿದೆ. ನೆನಪು ಹೇಳುವುದನ್ನೂ ದಾಖಲೆ ಹೇಳುವುದನ್ನೂ ಎರಡನ್ನೂ ಇಲ್ಲಿ ಬರೆದಿದ್ದೇನೆ. ಒಂದನ್ನು ಇನ್ನೊಂದರಿಂದ ತಿದ್ದುವ ಧೈರ್ಯ ನನಗಿಲ್ಲ. ನಾನು ತಡವಾಗಿ ಏಳುವ ದಿನಗಳಲ್ಲಿ ಮಳೆಮಾಪಕವನ್ನು ನೋಡಿ ಬರುತ್ತಿದ್ದವಳು ನೀಲಮ್ಮ. ಜೂನ್ 11, ಸೋಮವಾರ ಬೆಳಗಿನ ಸಾಲು ನನ್ನ ಅಕ್ಷರವಲ್ಲ. ಸಾಲೆಯ ಹಲಗೆಯ ಮೇಲೆ ಬರೆಯುವವರ ದುಂಡನೆಯ, ನೇರವಾದ ಅಕ್ಷರಗಳಲ್ಲಿ, ಕುರುಗೋಡಿನದನ್ನಷ್ಟೇ ‘ನಮ್ಮ ಮಣ್ಣು’ ಎನ್ನುತ್ತಿದ್ದ ಅವಳು ಬರೆದಿದ್ದಾಳೆ: ಬಳ್ಳಾರಿ. ನಿನ್ನೆ ನಮ್ಮಲ್ಲಿ ಮಳೆ ಇಲ್ಲ.